ಮಲ್ಲತ್ತೆಯ ಹರಕೆ ಮತ್ತು ಮೂರನೆಯ ಅಧ್ಯಾಯ

ಚಾಮರಾಜನಗರ,
ಗುರುವಾರ, ೧೨ ಆಗಸ್ಟ್ ೧೯೫೪.
ಬೆಳಿಗ್ಗೆ, ನಡುಮನೆಯ ಕಿಟಕಿಯ ಪಕ್ಕ. ಅಪ್ಪ ಮಂಡಿಗೆ ಹೋಗಿದ್ದಾರೆ. ಅವ್ವ ಹಿತ್ತಲಲ್ಲಿದ್ದಾಳೆ.

ಚಿ. ಸೌ. ಗಂಗಾಂಬಿಕೆಗೆ,

ಇದರ ಮುಂದೆ ‘ಆಶೀರ್ವಾದಗಳು’ ಎಂದು ಬರೆಯುವುದು ಗಂಡನಾದವನ ಕರ್ತವ್ಯವೆಂದು ಅಪ್ಪ ಹೇಳುತ್ತಾರೆ. ನನಗಿಂತ ನಾಲ್ಕೇ ವರ್ಷ ಚಿಕ್ಕವಳಾದ, ನನ್ನ ಕನ್ನಡಕ ಎಲ್ಲಿದೆಯೆಂದು ನನಗಿಂತ ಚೆನ್ನಾಗಿ ಬಲ್ಲ ಒಬ್ಬಳಿಗೆ ಆಶೀರ್ವಾದ ಮಾಡಲು ನನಗೆ ಸಂಕೋಚ. ಆದರೂ ಮಾಡಿದ್ದೇನೆಂದು ತಿಳಿದುಕೊ. ಕಾಲಿನ ಬಾವು ಇಳಿಯಿತೇ? ನರ್ಸಮ್ಮ ಹೇಳಿದಂತೆ ಉಪ್ಪು ಕಡಿಮೆ ಮಾಡಿದ್ದೀಯೋ, ಅಥವಾ ನಿಮ್ಮ ಮನೆಯ ಮಾವಿನಕಾಯಿ ಜಾಡಿ ನಿನ್ನ ಕೈಗೆ ಎಟುಕುವ ಹಾಗೆಯೇ ಇದೆಯೋ? ಮಧ್ಯಾಹ್ನ ಮಲಗುತ್ತೀಯಾ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀಯಾ? ಗುಂಡ್ಲುಪೇಟೆಯ ಕಡೆ ಮಳೆ ಹಿಡಿದಿದೆಯೆಂದು ಬಸ್ಸಿನವರು ಹೇಳಿದರು. ಜಗಲಿಯ ಕಲ್ಲು ಜಾರುತ್ತದೆ, ಅದರ ಮೇಲೆ ಬರಿಗಾಲಲ್ಲಿ ನಡೆಯಬೇಡ. ನಿನಗೆ ಬಂದ ಕಾಗದವನ್ನು ಮೊದಲು ಮಾವನವರು ಒಡೆದು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಾರೆಂದು ನನಗೆ ಗೊತ್ತು. ಅದಕ್ಕಾಗಿಯೇ ಕುಶಲ ಕೇಳುವ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬರೆದಿದ್ದೇನೆ. ಅವರ ಕಣ್ಣಿಗೆ ಶ್ರಮವಾಗಬಾರದು. ಇನ್ನು ಮುಂದಿನ ಅಕ್ಷರ ಚಿಕ್ಕದಾದರೆ ಅದು ಕಾಗದ ಉಳಿಸುವುದಕ್ಕೆ ಎಂದು ಅವರಿಗೆ ಹೇಳು.

ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಇಷ್ಟು ಗಟ್ಟಿಮುಟ್ಟಾಗಿರದಿದ್ದರೆ ಈ ತಿಂಗಳನ್ನು ಯಾರೂ ತಡೆದುಕೊಳ್ಳುತ್ತಿರಲಿಲ್ಲ. ವಿಷಯ ಏನೆಂದರೆ ಪ್ರೊಫೆಸರ ಕಾಗದ ಬಂದಿದೆ. ಹಳೆಯ ಸುಂಕದ ಕಟ್ಟೆಗಳ ಮೇಲಿನ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಈ ತಿಂಗಳು ಮುಗಿಯುವುದರೊಳಗೆ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ವಿದ್ಯಾರ್ಥಿವೇತನವನ್ನು ಇನ್ನೊಂದು ವರ್ಷ ಮುಂದುವರಿಸಿ ಎಂದು ಸಮಿತಿಯ ಮುಂದೆ ಕೇಳಲು ತಮಗೆ ಮುಖವಿರುವುದಿಲ್ಲ ಎಂದು ಬರೆದಿದ್ದಾರೆ. ಆ ಕಾಗದವನ್ನು ನಾನು ಅಪ್ಪನಿಗೆ ತೋರಿಸಿದೆ. ತೋರಿಸಬಾರದಿತ್ತು, ಆದರೆ ಅವರು ಎದುರಿಗೇ ಕುಳಿತಿದ್ದರು. ಅಪ್ಪ ನ್ಯಾಯವಂತರು. ಬೈಯಲಿಲ್ಲ. “ವೇತನ ಬರೋಗಂಟ ನಾನು ನಿನ್ನ ಏನೂ ಕೇಳಲ್ಲ. ನಿಂತೋದ್ರೆ ಗೌರಿಹಬ್ಬದ ಮಾರ್ನೆ ದಿನ ಬಂದು ಗಾದಿ ಮೇಲೆ ಕುಂತ್ಕೊ” ಎಂದರು, ಅಷ್ಟೆ. ಮರುದಿನವೇ ಮಂಡಿಯ ಗಾದಿಗೆ ಹತ್ತಿ ಹೊಸದಾಗಿ ತುಂಬಿಸಿದರು, ಹೊಸ ಗವುಸು ಹೊಲಿಸಿದರು. ಒರಗುವ ದಿಂಬು ನನ್ನ ಬೆನ್ನಿಗೆ ಸರಿಹೋಗುತ್ತದೋ ಇಲ್ಲವೋ ಎಂದು ಅದನ್ನು ಮನೆಗೇ ತಂದು, ನನ್ನನ್ನು ಗೋಡೆಗೆ ಕೂರಿಸಿ, ಒರಗಿಸಿ ನೋಡಿದರು. ಸರಿಹೋಗುತ್ತದೆ. ನನಗೆ ಭಯವಾದದ್ದೇ ಅಲ್ಲಿ. ಅರಿಶಿನ ಮತ್ತು ಬೆಲ್ಲದ ವ್ಯಾಪಾರ ನನಗೆ ಕೀಳೆಂದು ನೀನು ತಿಳಿಯಬೇಡ, ನಾನು ಓದಿದ್ದೆಲ್ಲ ಅದೇ ಬೆಲ್ಲದಿಂದ. ಆದರೆ ಆ ದಿಂಬಿಗೆ ಒಮ್ಮೆ ಒರಗಿದರೆ ನಾನು ಏಳುವವನಲ್ಲ. ಅಲ್ಲಿಗೆ ನನ್ನ ಸುಂಕದ ಕಟ್ಟೆಗಳು ಮುಗಿದವು, ಮೈಸೂರಿನ ನಮ್ಮ ಕೋಣೆ ಮುಗಿಯಿತು, ನೀನು ಅದರ ಬಾಗಿಲಲ್ಲಿ ಹಬ್ಬಿಸಿರುವ ಬಳ್ಳಿಗೆ ನೀರು ಹಾಕುವ ಕೆಲಸವೂ ಬೇರೆಯವರ ಪಾಲಾಯಿತು.

ಹಾಗಾದರೆ ಬರೆಯಬಾರದೇ ಎಂದು ನೀನು ಕೇಳುತ್ತೀಯ. ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ಬೇಕಾದದ್ದೆಲ್ಲ ನನ್ನ ಬಳಿ ಇದೆ. ಈ ಸೀಮೆಯಿಂದ ಘಟ್ಟ ಇಳಿಯುವ ದಾರಿಗಳಲ್ಲಿ ಹಿಂದಿನ ಕಾಲದ ಅರಸರು ಎಲ್ಲೆಲ್ಲಿ ಸುಂಕ ಎತ್ತುತ್ತಿದ್ದರು, ಯಾವ ಸರಕಿಗೆ ಎಷ್ಟು, ಯಾರಿಗೆ ವಿನಾಯಿತಿ, ಎಲ್ಲವನ್ನೂ ಚೀಟಿಗಳಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕೂರುತ್ತೇನೆ. ಮೊದಲು ಅಂಚಿನ ಗೆರೆ ಎಳೆಯುತ್ತೇನೆ. ಪೆನ್ಸಿಲು ಮೊಂಡಾಗಿರುತ್ತದೆ, ಚೂಪು ಮಾಡುತ್ತೇನೆ. ಚೀಟಿಗಳನ್ನು ಊರಿನ ಪ್ರಕಾರ ಜೋಡಿಸಿದ್ದವನು ಸರಕಿನ ಪ್ರಕಾರ ಜೋಡಿಸುತ್ತೇನೆ. ಮಾರನೆಯ ದಿನ ಊರಿನ ಪ್ರಕಾರವೇ ಸರಿಯೆನಿಸುತ್ತದೆ. ಒಂದು ವಾಕ್ಯ ಬರೆಯುತ್ತೇನೆ. ‘ಈ ಅಧ್ಯಾಯದಲ್ಲಿ ಸುಂಕದ ಆಡಳಿತವನ್ನು ಕುರಿತು ವಿವೇಚಿಸಲಾಗುವುದು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಅದನ್ನು ಓದಿದರೆ ನನಗೇ ಆಕಳಿಕೆ ಬರುತ್ತದೆ. ಹೊಡೆದುಹಾಕಿ ಅದನ್ನೇ ಇನ್ನೊಂದು ರೀತಿಯಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ಅವ್ವ ಉಣ್ಣಲು ಕರೆಯುತ್ತಾಳೆ. ಅಪ್ಪ ಉಣ್ಣುತ್ತ ಗೋಡೆಯ ಪಕ್ಕದ ಪುಸ್ತಕಗಳ ರಾಶಿಯನ್ನು ನೋಡಿ ಒಮ್ಮೆ, “ನಮ್ಮ ಮಂಡೀಲಿ ನೂರು ಮೂಟೆ ಬಂದ್ರೆ ನೂರು ಮೂಟೆ ಓಯ್ತದೆ. ನಿನ್ನ ಮಂಡೀಲಿ ಬರೀ ಬರೋದೇ ಆಯ್ತಲ್ಲಪ್ಪ” ಎಂದರು. ನಾನು ಕೈ ತೊಳೆದುಕೊಂಡು ಬಂದು ಮೇಲಿನ ಎರಡು ಪುಸ್ತಕಗಳನ್ನು ರಾಶಿಯ ಹಿಂದಕ್ಕೆ ಸರಿಸಿದೆ.

ಕಣ್ಣಾರೆ ಕಲ್ಲನ್ನು ನೋಡಿದರೆ ಸ್ಫೂರ್ತಿ ಬಂದೀತು ಎಂದುಕೊಂಡು ಜುಲೈ ಕೊನೆಯಲ್ಲಿ ಒಂದು ದಿನ ಸತ್ಯಮಂಗಲದ ಬಸ್ಸು ಹತ್ತಿ ಪುಣಜನೂರಿಗೆ ಹೋದೆ. ಅಲ್ಲಿ ಕಾಡಿನ ಅಂಚಿನಲ್ಲಿ ಸುಂಕದ ವಿವರ ಕೆತ್ತಿದ ಕಲ್ಲೊಂದಿದೆಯೆಂದು ಹಿಂದೆ ಯಾರೋ ಗುರುತು ಹಾಕಿದ್ದರು. ಕಲ್ಲು ಇದೆ. ದೊಡ್ಡಮಾದಮ್ಮ ಎಂಬ ಮುದುಕಿಯ ಹಟ್ಟಿಯ ಮುಂದಿದೆ. ಅದಕ್ಕೆ ಅವಳ ಎಮ್ಮೆ ಬೆನ್ನು ಉಜ್ಜುತ್ತಿತ್ತು. ಒದ್ದೆ ಕಾಗದ ಹಚ್ಚಿ ಅಚ್ಚು ತೆಗೆದುಕೊಳ್ಳಬೇಕು, ಎಮ್ಮೆಯನ್ನು ಸ್ವಲ್ಪ ಆಚೆ ಕಟ್ಟುತ್ತೀರಾ ಎಂದು ಕೇಳಿದೆ. “ಅದು ಅವುಳ್ ಕಲ್ಲು ಕಣಪ್ಪ. ಅವ್ಳದು ಆಗ್ಲಿ, ಆಮೇಲೆ ನಿಂದು” ಎಂದಳು. ಎಮ್ಮೆಯದು ಆಗುವವರೆಗೆ ನಾನು ಕಾಗದ ಹಿಡಿದುಕೊಂಡು ನಿಂತೆ. ಬೆನ್ನಿಗೆ ಸಿಕ್ಕಿದ ಸಾಲುಗಳೆಲ್ಲ ಕನ್ನಡಿಯಂತೆ ನುಣುಪಾಗಿವೆ, ಬೆನ್ನಿಗೆ ಎಟುಕದ ಕೆಳಗಿನ ಸಾಲುಗಳು ಮಾತ್ರ ಓದಲು ಬರುತ್ತವೆ. ಅಲ್ಲಿಯವರೆಗಿನ ಇತಿಹಾಸವೆಲ್ಲ ಎಮ್ಮೆಯ ಮೈಮೇಲಿದೆ ಎಂದು ಪ್ರೊಫೆಸರಿಗೆ ಬರೆಯಲಾದೀತೇ? ದೊಡ್ಡಮಾದಮ್ಮ ಅದರಲ್ಲಿ ಏನು ಬರೆದಿದೆಯೆಂದು ಕೇಳಿದಳು. ಮೆಣಸಿನ ಹೇರಿಗೆ ಇಷ್ಟು, ಉಪ್ಪಿನ ಹೇರಿಗೆ ಇಷ್ಟು ಸುಂಕ ಎಂದೆ. “ಕೊಡ್ದಿದ್ರೆ?” ಎಂದಳು. ಹೇಳಿದೆ. “ಕಾಡೊಳೀಕೆ ಬಳಸ್ಕಂಡು ಓಗ್ಬುಟ್ರೆ?” ಎಂದಳು. ಅದನ್ನೂ ಹೇಳಿದೆ. “ಆ ಸುಂಕದವ್ನು ಒಬ್ನೇ ಕುಂತಿರ್ತಿದ್ನಾ ಇಲ್ಲಿ? ಆನೆ ಬಂದ್ರೆ?” ಎಂದಳು. ಅದು ಯಾವ ಶಾಸನದಲ್ಲೂ ಇಲ್ಲ. ಆದರೂ ಊಹೆ ಮಾಡಿ ಹೇಳುತ್ತ ಹೋದೆ. ಸಂಜೆಯ ಬಸ್ಸು ಬರುವವರೆಗೆ ಅವಳು ಹುರುಳಿ ಕೇರುತ್ತ ಕೇಳಿದಳು, ನಾನು ಹೇಳಿದೆ. ನನಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅಧ್ಯಾಯ ಮುಗಿದೇಹೋಯಿತು ಎನ್ನುವ ಹಾಗಿತ್ತು. ಮನೆಗೆ ಬಂದು ಕುಳಿತೆ. ಅಂಚಿನ ಗೆರೆ ಎಳೆದೆ. ‘ಈ ಅಧ್ಯಾಯದಲ್ಲಿ’ ಎಂದು ಬರೆದೆ. ಆಮೇಲೆ ಪೆನ್ಸಿಲು ಮೊಂಡಾಗಿತ್ತು.

ಇಷ್ಟನ್ನೂ ನಾನು ಮುಚ್ಚಿಟ್ಟುಕೊಂಡು ಹೇಗೋ ಕಾಲ ಕಳೆಯುತ್ತಿದ್ದೆ. ಆದರೆ ಮಲ್ಲತ್ತೆಯ ಕಣ್ಣಿಗೆ ಬಿದ್ದೆ. ಅಪ್ಪನ ಅಕ್ಕ, ಅಪ್ಪನನ್ನೇ ಇನ್ನೂ ‘ಏನ್ಲಾ ಶಿವ್ರುದ್ರ’ ಎಂದು ಕರೆಯುವವಳು, ಆಕೆಯ ಮುಂದೆ ನನ್ನ ಪ್ರಬಂಧ ಎಷ್ಟರದು? ನೀನು ಹೆರಿಗೆಗೆ ಊರಿಗೆ ಹೋದ ಮೇಲೆ ನಾನು ಮೈಸೂರು ಬಿಟ್ಟು ಇಲ್ಲಿಗೆ ಬಂದಂದಿನಿಂದ ದಿನಾ ಬೆಳಿಗ್ಗೆ ಹೊಲದ ಉಳುಮೆಯನ್ನು ಕೇಳುವ ಹಾಗೆ “ಎಲ್ಲಿಗ್ ಬಂತ್ಲಾ?” ಎಂದು ಕೇಳುತ್ತಿದ್ದಳು. ನಾನು ‘ಬರ್ತಾ ಇದೆ’ ಎನ್ನುತ್ತಿದ್ದೆ. ಶ್ರಾವಣದ ಮೊದಲ ಸೋಮವಾರ ಕೇಳಲಿಲ್ಲ. ಮಿಂದು ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಾದಪ್ಪನ ಗುಡಿಗೆ ಹೋಗಿ ಬಂದಳು. ಬಂದವಳು ನಡುಮನೆಯಲ್ಲಿ ನಿಂತು, ಸೊಂಟದ ಎಲೆಅಡಿಕೆ ಚೀಲವನ್ನು ಬಿಚ್ಚಿ ಮೊಳೆಗೆ ನೇತುಹಾಕಿ, “ನೀಲಕಂಠನ ಪುಸ್ತಕ ಮುಗ್ಯಗಂಟ ನಾನು ಎಲೆಅಡ್ಕೆ ಮುಟ್ಟದಿಲ್ಲ ಅಂತ ಮಾದಪ್ಪನ್ ಮುಂದೆ ಕೈಯೊಡ್ಡಿ ಬಂದೀವ್ನಿ” ಎಂದಳು. ಅವ್ವನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಮಲ್ಲತ್ತೆ ಎಲೆಅಡಿಕೆ ಬಿಡುವುದೆಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮಂಟಪ ಬಿಟ್ಟು ಹೊರಗೆ ಹೋಗಿದ್ದು ಆಕೆಯೊಬ್ಬಳೇ, ಉಗಿದು ಬರಲು.

ಆ ದಿನದಿಂದ ಮನೆಯ ಹದ ಕೆಟ್ಟಿತು. ಮೊದಲು ಆಕೆ ಮಾತು ಬಿಟ್ಟಳು. ಅದು ಸುಖವೆಂದುಕೊಂಡೆವು. ಆಮೇಲೆ ಮಾತು ಹಿಡಿದಳು. ಸಾರಿಗೆ ಉಪ್ಪಿಲ್ಲ, ಉಪ್ಪಿಗೆ ರುಚಿಯಿಲ್ಲ, ಅವ್ವ ಗುಡಿಸಿದ ಕಡೆ ಕಸವಿದೆ, ಅಪ್ಪನ ಕೆಮ್ಮು ಬೇಕೆಂದೇ ಮಾಡುವ ಕೆಮ್ಮು. ಎಲೆ ಮಾರುವ ರಾಚಮ್ಮ ಮಾಮೂಲಿನಂತೆ ಬಾಗಿಲಿಗೆ ಬಂದರೆ ಬೇಡವೆನ್ನುವುದಿಲ್ಲ. ಕಟ್ಟು ಬಿಚ್ಚಿಸಿ, ಒಂದೊಂದು ಎಲೆಯನ್ನೂ ಸೆರಗಿನಲ್ಲಿ ಹಿಡಿದು ಮೂಗಿನ ಹತ್ತಿರ ತಂದು, ಎಳೆಯದು ಬಲಿತದ್ದು ಬೇರೆ ಮಾಡಿ, ಉದ್ದವಾಗಿ ಉಸಿರು ಬಿಟ್ಟು, ಮತ್ತೆ ಕಟ್ಟಿ ಕಳಿಸುತ್ತಾಳೆ. “ಮಲ್ಲಮ್ಮಾರೆ, ನೀವು ಮೂಸ್ಬುಟ್ಟಿದ್ದ ಎಲೆಯ ಮುಂದಿನ್ ಬೀದೀಲಿ ಯಾರೂ ತಕ್ಕಳಲ್ಲ” ಎಂದು ರಾಚಮ್ಮ ಅತ್ತಳಂತೆ. ಅಡಿಕೆ ಕುಟ್ಟುವ ಕುಟ್ಟಾಣಿಯನ್ನು ದಿನಕ್ಕೊಮ್ಮೆ ಹುಣಿಸೆಹಣ್ಣಿನಲ್ಲಿ ತೊಳೆದು ಬಿಸಿಲಿಗೆ ಇಡುತ್ತಾಳೆ, ಅದರ ಎದುರು ಕೂರುತ್ತಾಳೆ. ನಾನು ಅದರ ಆಚೆ, ಹಾಳೆಯ ಎದುರು. ಇಬ್ಬರ ಮುಂದೆಯೂ ಖಾಲಿ ಪಾತ್ರೆ. ಅವ್ವ ಅಡುಗೆಮನೆಯಿಂದ ಹಾಯುವಾಗ ಒಮ್ಮೆ ಆಕೆಯ ಮುಖ ನೋಡುತ್ತಾಳೆ, ಒಮ್ಮೆ ನನ್ನ ಹಾಳೆ ನೋಡುತ್ತಾಳೆ. ಒಬ್ಬ ಮುದುಕಿಯ ಬಾಯನ್ನು ನಾನು ಒಣಗಿಸುತ್ತಿದ್ದೇನೆ ಎಂಬ ಯೋಚನೆ ತಲೆಗೆ ಹೊಕ್ಕ ಮೇಲೆ ಮೊದಲು ಬರುತ್ತಿದ್ದ ಆ ಒಂದು ವಾಕ್ಯವೂ ನಿಂತುಹೋಯಿತು.

ಹೇಗಾದರೂ ಹರಕೆ ಬಿಡಿಸೋಣವೆಂದು ನಾನೊಂದು ಉಪಾಯ ಮಾಡಿದೆ. ಉಪಾಯಗಳು ನನಗೆ ಹೊಂದುವುದಿಲ್ಲ ಎಂದು ನೀನು ಹಿಂದೆಯೇ ಹೇಳಿದ್ದೀಯ. ಆಕೆಯ ಬಳಿ ಕುಳಿತು, “ಅತ್ತೆ, ಕುಟ್ಟಾಣಿ ಸದ್ದಿಲ್ಲದೆ ಮನೆ ಬಿಕೋ ಅನ್ನುತ್ತದೆ. ಆ ಸದ್ದಿದ್ದರೆ ನನಗೆ ಬರೆಯಲು ಬರುತ್ತಿತ್ತು” ಎಂದೆ. ಪುಸ್ತಕಕ್ಕಾಗಿಯೇ ಹರಕೆ ಹೊತ್ತವಳು, ಪುಸ್ತಕಕ್ಕಾಗಿಯೇ ಬಿಟ್ಟಾಳು ಎಂಬುದು ನನ್ನ ಲೆಕ್ಕಾಚಾರ. ಮಲ್ಲತ್ತೆ, “ಅದ್ಕೇನ್ಲಾ, ಸದ್ದು ತಾನೆ?” ಎಂದು ರಾಚಮ್ಮನನ್ನು ಕೂಗಿ ಎರಡು ಕಟ್ಟು ಎಲೆ ತೆಗೆದುಕೊಂಡಳು. ಕುಟ್ಟಲು ಕುಳಿತಳು. ಬೆಳಗಿನ ಪೂಜೆಯಿಂದ ಹಿಡಿದು ದೀಪ ಹಚ್ಚುವವರೆಗೆ, ನನ್ನ ಕಿವಿಯಿಂದ ಎರಡು ಮೊಳ ದೂರದಲ್ಲಿ. ಹರಕೆ ಮುಟ್ಟುವುದಕ್ಕೆ, ಕುಟ್ಟುವುದಕ್ಕೆ ಅಲ್ಲವಂತೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಟ್ಟುತ್ತಾಳೆ. ಕುಟ್ಟಿದ್ದನ್ನು ಎಸೆದರೆ ಮಹಾಪಾಪ. ಆದ್ದರಿಂದ ಮನೆಯವರೆಲ್ಲ ತಿನ್ನಬೇಕು. ಅವ್ವ ಹುಟ್ಟಿದಂದಿನಿಂದ ಎಲೆ ಹಾಕಿದವಳಲ್ಲ. ತಲೆ ತಿರುಗುತ್ತದೆಂದು ಒಲೆಯ ಮುಂದೆ ಕಂಬ ಹಿಡಿದುಕೊಂಡು ನಿಲ್ಲುತ್ತಾಳೆ. ಅಪ್ಪನಿಗೆ ಮಂಡಿಗೆ ಹೋಗುವಾಗ ಮಲ್ಲತ್ತೆ ಎಲೆಯಲ್ಲಿ ಕಟ್ಟಿ ಕೊಡುತ್ತಾಳೆ. ತಿಂದು ಬಂದಿದ್ದಾರೋ ಇಲ್ಲವೋ ಎಂದು ಸಂಜೆ ನಾಲಿಗೆ ಚಾಚಿಸಿ ನೋಡುತ್ತಾಳೆ. ಊರಿನ ದೊಡ್ಡ ವ್ಯಾಪಾರಿ, ನಾಲ್ಕು ಜನಕ್ಕೆ ಪಂಚಾಯಿತಿ ಹೇಳುವವರು, ಹೊಸಿಲ ಮೇಲೆ ನಿಂತು ಅಕ್ಕನಿಗೆ ನಾಲಿಗೆ ತೋರಿಸುವುದನ್ನು ನಾನು ನೋಡಿ ತಲೆ ತಗ್ಗಿಸಿದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಲ್ಲತ್ತೆಯೊಬ್ಬಳನ್ನು ಬಿಟ್ಟು ಎಲ್ಲರ ಬಾಯೂ ಕೆಂಪು. ನನ್ನ ಹಾಳೆಗಳು ಮಾತ್ರ ಬಿಳಿ.

ಅಪ್ಪ ಮೂರು ದಿನ ತಡೆದರು. ನಾಲ್ಕನೆಯ ದಿನ ಗುಡಿಯ ತಮ್ಮಡಿ ಪುಟ್ಟಮಾದಯ್ಯನವರನ್ನು ಕರೆದುಕೊಂಡು ಬಂದರು. ದೇವರ ಮುಂದೆ ಹೊತ್ತ ಹರಕೆಯನ್ನು ಇಳಿಸುವ ದಾರಿಯಿದ್ದರೆ ಪೂಜಾರಿಗೇ ಗೊತ್ತಿರಬೇಕು ಎಂದು. ಪುಟ್ಟಮಾದಯ್ಯ ಕಂಬಳಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದರು, ಮಲ್ಲತ್ತೆ ಕುಟ್ಟಿಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡು ಮೆಚ್ಚಿ ತಲೆಯಾಡಿಸಿದರು. ಆಮೇಲೆ, “ಹರ್ಕೆಯ ಇಳ್ಸಕ್ಕಾಗದಿಲ್ಲ. ಎಗಲ್ ಬದಲಾಯಿಸ್ಬೋದು. ಯಾರ್ಗೋಸ್ಕರ ಒತ್ರೋ ಅವರೇ ಒತ್ಕಂಡ್ರೆ ಮಾದಪ್ಪ ಬೇಡ ಅನ್ನಲ್ಲ. ಇವ್ರಿಗೆ ಬಲು ಪ್ರೀತಿದು ಏನು?” ಎಂದು ನನ್ನತ್ತ ಕೈ ತೋರಿಸಿದರು. ಎಲ್ಲರೂ ಯೋಚನೆಗೆ ಬಿದ್ದರು. ಕಾಫಿ ಕುಡಿದರೂ ಆಯಿತು ಬಿಟ್ಟರೂ ಆಯಿತು, ಬೀಡಿಯಿಲ್ಲ, ನಶ್ಯವಿಲ್ಲ, ಸಿಹಿ ಹಾಕಿದರೆ ತಟ್ಟೆಯಲ್ಲೇ ಬಿಡುತ್ತಾನೆ ಎಂದು ಅವ್ವ ನನ್ನ ಬಗ್ಗೆ ಬೇಸರದಿಂದ ಹೇಳಿದಳು. ನಾನು ಮನಸ್ಸಿನಲ್ಲೇ ನೆಮ್ಮದಿಯಿಂದ ಕುಳಿತಿದ್ದೆ. ಬಿಡಿಸುವಂಥದ್ದು ನನ್ನಲ್ಲಿ ಏನಿದೆ? ಆಗ ಮಲ್ಲತ್ತೆ ಕುಟ್ಟುವುದನ್ನು ನಿಲ್ಲಿಸದೆಯೇ, “ಕತೆ ಪುಸ್ತಕ” ಎಂದಳು.

ಗಂಗಾ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಶಾಸನ ಸಂಪುಟ ಎಷ್ಟು ಅಗಲವಿದೆಯೆಂದರೆ ಅದರೊಳಗೆ ಕಾದಂಬರಿಯೊಂದನ್ನು ಇಟ್ಟರೆ ಅಂಚು ಕೂಡ ಕಾಣುವುದಿಲ್ಲ. ನಾನು ಅಳೆದು ನೋಡಿಯೇ ಇಟ್ಟದ್ದು. ಆದರೂ ಮರ್ಯಾದೆಗಾಗಿ, ಅದು ಶಾಸನದ ಪುಸ್ತಕ ಎಂದೆ. ಅವ್ವ ನನ್ನ ಕಡೆ ತಿರುಗಿ ಬಹಳ ಮೃದುವಾಗಿ, “ಸಾಸ್ನ ಓದ್ತಾ ಯಾರಾರ ಕಣ್ಣೀರ್ ಹಾಕ್ತಾರೇನಪ್ಪ?” ಎಂದು ಕೇಳಿದಳು. ಪುಟ್ಟಮಾದಯ್ಯನವರಿಗೆ ಅಷ್ಟೇ ಸಾಕಾಯಿತು. ನನ್ನ ಕೈಗೆ ನೀರು ಬಿಟ್ಟು, ಪ್ರಬಂಧ ಮುಗಿಯುವವರೆಗೆ ಕತೆ ಪುಸ್ತಕ ಮುಟ್ಟುವುದಿಲ್ಲವೆಂದು ಹೇಳಿಸಿದರು. ಇದ್ದ ಏಳು ಪುಸ್ತಕಗಳನ್ನೂ ಅವ್ವ ಮಡಿಲಲ್ಲಿ ಹೊತ್ತು ತಂದು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯೊಳಗೆ ಇಳಿಸಿದಳು. ಮಲ್ಲತ್ತೆ ವಾಡೆಯ ಬಾಯಿಗೆ ಹಲಗೆ ಮುಚ್ಚಿ, ಅದರ ಮೇಲೆ ಬೀಸುವ ಕಲ್ಲು ಏರಿಸಿ, ಮೊಳೆಯ ಮೇಲಿನ ಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಆಕೆ ಮೊದಲ ಎಲೆಗೆ ಅಂಚಿನವರೆಗೂ ಸುಣ್ಣ ಸವರಿದಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ತೆರೆದು ಅಪ್ಪನಿಗೆ, “ಏನ್ಲಾ ಶಿವ್ರುದ್ರ, ಬಡವಾಗ್ಬುಟ್ಟಿದ್ದೀಯಲ್ಲ” ಎಂದಳು. ಅಪ್ಪ ಹಿತ್ತಲಿಗೆ ಹೋಗಿ ಬಾಯಿ ತೊಳೆದುಕೊಂಡು ಬಂದರು.

ನಾನು ಓದುತ್ತಿದ್ದದ್ದು ಆ ಬಂಗಾಳಿ ಕಾದಂಬರಿಯ ಅನುವಾದ, ನಿನಗೆ ಊರಿಗೆ ಹೋಗುವ ಹಿಂದಿನ ದಿನ ತೋರಿಸಿದ್ದು. ಅಷ್ಟೇನೂ ಒಳ್ಳೆಯ ಅನುವಾದವಲ್ಲ. ಮೊದಲ ಭಾಗದಲ್ಲಿ ಮೈದುನನಾಗಿದ್ದವನು ನಡುವೆ ಭಾವನಾಗುತ್ತಾನೆ, ಮೀನಿನ ಊಟ ಬಡ್ತಿ ಹೊಂದಿ ಪಾಯಸವಾಗುತ್ತದೆ. ಆದರೂ ನಾನು ಬಿಟ್ಟ ಜಾಗದಲ್ಲಿ ಆ ವಿಧವೆ ಅಣ್ಣನ ಮನೆ ತೊರೆದು ದೋಣಿ ಹತ್ತಿದ್ದಾಳೆ, ಅವಳ ಟ್ರಂಕು ದಡದಲ್ಲೇ ಉಳಿದಿದೆ, ಅಂಬಿಗ ಹಗ್ಗ ಬಿಚ್ಚಿದ್ದಾನೆ. ಈಗ ಅವಳು ನಮ್ಮ ವಾಡೆಯಲ್ಲಿ ರಾಗಿಯ ಮೇಲೆ ಕುಳಿತಿದ್ದಾಳೆ. ಉಣ್ಣುವಾಗೆಲ್ಲ ನನಗೆ ಅವಳದೇ ಯೋಚನೆ. ಮುದ್ದೆಯ ಹಿಟ್ಟಿಗೆಂದು ಅವ್ವ ವಾಡೆಯ ಬುಡದ ಕಿಂಡಿಯಿಂದ ರಾಗಿ ತೆಗೆದರೆ, ಒಳಗಿನ ಮಟ್ಟ ಇಳಿದು ದೋಣಿ ಎಷ್ಟು ಕೆಳಗೆ ಹೋಯಿತೋ ಎನಿಸುತ್ತದೆ. ಇದನ್ನು ಯಾರಿಗೂ ಹೇಳಬೇಡ.

ಹರಕೆ ನನ್ನ ಹೆಗಲಿಗೆ ಬಂದ ಮೇಲೆ ಎಲ್ಲವೂ ಸರಿಹೋಗಬೇಕಾಗಿತ್ತು. ಮನೆ ಶಾಂತವಾಗಿದೆ. ಕುಟ್ಟಾಣಿ ಊಟವಾದ ಮೇಲೆ ಮಾತ್ರ, ಹಿತವಾಗಿ, ಆಕೆಯ ಒಂದು ಬಾಯಿಗೆ ಬೇಕಾದಷ್ಟು ಮಾತ್ರ ಸದ್ದು ಮಾಡುತ್ತದೆ. ಅವ್ವನ ತಲೆಸುತ್ತು ನಿಂತಿದೆ. ನನ್ನನ್ನು ಯಾರೂ ‘ಎಲ್ಲಿಗೆ ಬಂತು’ ಎಂದು ಕೇಳುವುದಿಲ್ಲ, ಎದುರಿಗೆ ಬಂದರೆ ದಾರಿ ಬಿಡುತ್ತಾರೆ. ಕತೆ ಪುಸ್ತಕವಿಲ್ಲ, ನೆಪವಿಲ್ಲ, ಅಡ್ಡಿಯಿಲ್ಲ. ಮೊನ್ನೆಯಿಂದ ಹೀಗೆ ಕುಳಿತಿದ್ದೇನೆ. ಅಡ್ಡಿಗಳೇ ಕಾರಣವೆಂದು ನಂಬಿಕೊಂಡಿದ್ದವನಿಗೆ ಅವೆಲ್ಲ ತೊಲಗಿದ ಮೇಲೆ ಆಗುವ ಗಾಬರಿಯನ್ನು ನಾನು ಯಾರಿಗೂ ಹಾರೈಸುವುದಿಲ್ಲ. ಬರೆಯಲು ಬಾರದೇ ಇರುವುದಕ್ಕೆ ನಾನೇ ಕಾರಣವೇನೋ, ಅಪ್ಪನಿಗೆ ಅದು ಆಗಲೇ ತಿಳಿದು ದಿಂಬಿಗೆ ಹತ್ತಿ ತುಂಬಿಸಿದರೇನೋ ಎಂದು ನಿನ್ನೆ ಬಹಳ ಹೊತ್ತು ಯೋಚಿಸುತ್ತ ಕುಳಿತಿದ್ದೆ. ನಿನ್ನ ತಮ್ಮ ಕಳೆದ ಸಲ ಬಂದಾಗ ‘ಭಾವ ಯಾವಾಗಲೂ ಶಾಂತ’ ಎಂದ. ಹೊರಗೆ ಕಾಣುವುದು ಹಾಗೆ. ಇಂದು ಬೆಳಿಗ್ಗೆ ಹಾಳೆ ತೆಗೆದವನು ಅಂಚಿನ ಗೆರೆ ಎಳೆಯದೆ, ನಿನಗಾದರೂ ಒಂದು ಕಾಗದ ಬರೆಯೋಣ, ಕೈಗೆ ಏನೋ ಕೆಲಸವಾಯಿತು ಎಂದು ಇದನ್ನು ಶುರುಮಾಡಿದೆ.

ಮುಗಿಸುತ್ತೇನೆ. ಅಪ್ಪ ಮಾವನವರಿಗೆ ಶರಣು ತಿಳಿಸಲು ಹೇಳಿದ್ದಾರೆ. ಗುಂಡ್ಲುಪೇಟೆ ಸಂತೆಯಲ್ಲಿ ಬೆಲ್ಲ ಹೇಗಿದೆಯೆಂದು ಕೇಳಿದ್ದಾರೆ. ಅವ್ವ ನಿನಗೆ ಬಿಸಿನೀರಿನಲ್ಲೇ ಸ್ನಾನ ಮಾಡಬೇಕೆಂದು, ತಲೆ ಒಣಗಿಸದೆ ಮಲಗಬಾರದೆಂದು ಹೇಳಿದ್ದಾಳೆ. ಮಲ್ಲತ್ತೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ: “ಗಂಗಮ್ಮುಂಗೆ ಏಳು, ಮಗ ಗಂಡಾರ ಆಗ್ಲಿ ಹೆಣ್ಣಾರ ಆಗ್ಲಿ, ಓದ್ಸಾದು ಮಾತ್ರ ನೋಡ್ಕಂಡು ಓದ್ಸಿ ಅಂತ.” ನಿಮ್ಮ ಅವ್ವನವರಿಗೂ ಮಾವನವರಿಗೂ ನನ್ನ ಶರಣು. ನಿನಗೆ ಮೇಲೆ ಹೇಳಿದ ಆಶೀರ್ವಾದವೇ, ಈ ಸಲ ಸಂಕೋಚವಿಲ್ಲದೆ. ಕಾಲು ಮೇಲಿಟ್ಟುಕೊಂಡು ಕೂರು.

ನಿನ್ನ,
ನೀಲಕಂಠಸ್ವಾಮಿ

ಮರೆತ ಮಾತು: ಅಂಚೆಯವನು ಬೀದಿಯ ಆ ತುದಿಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಳೆಗಳನ್ನು ಮಡಿಸಿದರೆ ಲಕೋಟೆಗೆ ಹಿಡಿಸುತ್ತಿಲ್ಲ. ಬೆಳಿಗ್ಗೆ ಕುಳಿತವನು ಒಮ್ಮೆಯೂ ಏಳದೆ ಇಷ್ಟು ಬರೆದಿದ್ದೇನೆ, ಅವ್ವ ಉಣ್ಣಲು ಕರೆದಳಂತೆ, ನನಗೆ ಕೇಳಿಸಿಲ್ಲ. ಮೈಸೂರಿನಲ್ಲಿ ಮೊದಲ ಎರಡು ಅಧ್ಯಾಯಗಳನ್ನು ಹೇಗೆ ಬರೆದೆನೆಂಬುದು ಈಗ ತಿಳಿಯಿತು. ಸಂಜೆ ನೀನು ಮೊರದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ, ನಾನು ಆ ದಿನ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಬೇಸರವಾದರೆ ನೀನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಮೊರ ಜೋರಾಗಿ ಕೇರುತ್ತಿದ್ದೆ. ಅಷ್ಟನ್ನು ನಾನು ಮಾರನೆಯ ದಿನ ಹೊಡೆದುಹಾಕುತ್ತಿದ್ದೆ. ಆ ಎರಡು ಅಧ್ಯಾಯಗಳು ಬಿಗಿಯಾಗಿವೆಯೆಂದು ಪ್ರೊಫೆಸರು ನನ್ನನ್ನು ಹೊಗಳಿದರು, ನಾನು ಸುಮ್ಮನೆ ಹೊಗಳಿಸಿಕೊಂಡೆ. ಇಲ್ಲಿ ಕುಳಿತು ನಾನು ಪರೀಕ್ಷಕರಿಗೆ ಬರೆಯಲು ಹೋಗಿದ್ದೇನೆ. ಮದರಾಸಿನಲ್ಲೋ ಪೂನಾದಲ್ಲೋ ಇರುವ, ಮುಖ ಕಾಣದ ಇಬ್ಬರಿಗೆ ನನಗೆ ಹೇಳಬೇಕಾದದ್ದು ಒಂದೂ ಇಲ್ಲ. ಆದ್ದರಿಂದ ತೀರ್ಮಾನಿಸಿದ್ದೇನೆ: ಮೂರನೆಯ ಅಧ್ಯಾಯವನ್ನು ನಿನಗೆ ಕಾಗದಗಳಾಗಿ ಬರೆಯುತ್ತೇನೆ, ಕನ್ನಡದಲ್ಲಿ. ಓದಿ, ಬೇಸರವಾದ ಕಡೆ ಪಕ್ಕದಲ್ಲಿ ಒಂದು ಗೀಟು ಎಳೆದು, ಬಂದ ದಿನವೇ ಮರುಟಪಾಲಿನಲ್ಲಿ ವಾಪಸು ಕಳಿಸು. ಕಾರಣ ಬರೆಯಬೇಕಾಗಿಲ್ಲ. ಉಳಿದದ್ದನ್ನು ಇಂಗ್ಲಿಷಿಗೆ ಮಾಡಿ ತಿಂಗಳ ಕೊನೆಯೊಳಗೆ ಮೈಸೂರಿಗೆ ಕಳಿಸುತ್ತೇನೆ. ಇನ್ನೂ ಒಂದಕ್ಷರ ಬರೆದಿಲ್ಲ, ನಾಳೆ ಪೂಜೆ ಮುಗಿಸಿ ಕೂರಬೇಕು. ಬಸುರಿಯೆಂದು ಅಲ್ಲಿ ನಿನಗೆ ಅಕ್ಕಿ ಆರಿಸುವ ಕೆಲಸ ಕೊಡುತ್ತಿಲ್ಲವೆಂದು ಗೊತ್ತು. ಕೇಳಿ ಇಸಿದುಕೊ.